ನೀವೇ ಬರೆದ ಪುಟ್ಟ ವೆಬ್ ಸರ್ವರ್: ರೆಸ್ಪಾನ್ಸ್ ಹೆಡರ್‌ನ ತಪ್ಪು ಹಿಡಿಯುವ ಕ್ರಮ

ಒಂದು ಸಾಕೆಟ್ (ನೆಟ್‌ವರ್ಕ್ ಸಂಪರ್ಕದ ತುದಿ) ತೆರೆದು, ಹತ್ತಿಪ್ಪತ್ತು ಸಾಲು ಕೋಡ್ ಬರೆದು, ಬ್ರೌಸರ್‌ಗೆ ಒಂದು ಪುಟ ಕಳಿಸುವುದು ಅಷ್ಟೇನೂ ಕಷ್ಟವಲ್ಲ. ಕಷ್ಟ ಶುರುವಾಗುವುದು ಆಮೇಲೆ. ಪುಟ ಅರ್ಧಕ್ಕೇ ನಿಲ್ಲುತ್ತದೆ. ಇಲ್ಲವೇ ಏನೂ ಬರದೆ ಚಕ್ರ ಸುತ್ತುತ್ತಲೇ ಇರುತ್ತದೆ. ಇಲ್ಲವೇ ಹೆಡರ್‌ಗಳೆಲ್ಲ, ಅಂದರೆ ಪುಟಕ್ಕಿಂತ ಮೊದಲು ಸರ್ವರ್ ಕಳಿಸುವ ಮಾಹಿತಿಯ ಸಾಲುಗಳೆಲ್ಲ, ಪುಟದ ಮೇಲೆಯೇ ಅಕ್ಷರವಾಗಿ ಬಂದು ಕೂತಿರುತ್ತವೆ. ಈ ತೊಂದರೆ ಹೊತ್ತು ಬಂದವರಲ್ಲಿ ಹೆಚ್ಚಿನವರು ಮಾಡಿರುವುದು ಒಂದೇ ಕೆಲಸ: ಕೋಡ್‌ನಲ್ಲಿ ಅಲ್ಲೊಂದು ಇಲ್ಲೊಂದು ಹೆಡರ್ ಸೇರಿಸಿ ರಿಫ್ರೆಶ್, ಮತ್ತೆ ಬದಲಿಸಿ ರಿಫ್ರೆಶ್. ಹೀಗೆ ಮಾಡಿದರೆ ಒಂದು ತಪ್ಪು ಹೋಗುವ ಹೊತ್ತಿಗೆ ಎರಡು ಹೊಸದು ಸೇರಿಕೊಂಡಿರುತ್ತವೆ.

ಇದಕ್ಕೊಂದು ಕ್ರಮ ಇದೆ. ಸರ್ವರ್‌ನಿಂದ ನಿಜವಾಗಿ ಹೊರಬಿದ್ದ ಬೈಟ್‌ಗಳನ್ನು ಮೊದಲು ನೋಡಬೇಕು. ಮೇಲಿನಿಂದ ಕೆಳಕ್ಕೆ ಓದಬೇಕು. ಮೊದಲು ಕಂಡ ತಪ್ಪನ್ನು ಮಾತ್ರ ಸರಿಮಾಡಿ, ಮತ್ತೆ ಮೇಲಿನಿಂದಲೇ ಓದಬೇಕು. ಬ್ರೌಸರ್‌ನ ಸರದಿ ಕೊನೆಗೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ದಯವಿಟ್ಟು ಯಾವುದನ್ನೂ ಹಾರಿಸಬೇಡಿ. ಐದನೇ ಹಂತದ ತಪ್ಪು ಅಂದುಕೊಂಡಿದ್ದು ಎಷ್ಟೋ ಸಲ ಮೂರನೇ ಹಂತದಲ್ಲೇ ಸಿಗುತ್ತದೆ.

ಆಜ್ಞೆ, ಹೆಡರ್ ಹೆಸರು ಎಲ್ಲವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ. ಮಾತೆಲ್ಲ ಎಚ್‌ಟಿಟಿಪಿ 1.1 ಬಗ್ಗೆ, ಅಂದರೆ ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಗಳ ಆ ಆವೃತ್ತಿಯ ಬಗ್ಗೆ.

## ಕೈಯಲ್ಲಿ ಇರಬೇಕಾದ ಟೂಲ್‌ಗಳು

ಮೊದಲನೆಯದು ಕರ್ಲ್, ಟರ್ಮಿನಲ್‌ನಿಂದಲೇ ಸರ್ವರ್‌ಗೆ ರಿಕ್ವೆಸ್ಟ್ ಕಳಿಸಿ ಉತ್ತರ ತೋರಿಸುವ ಆಜ್ಞೆ. ಲಿನಕ್ಸ್, ಮ್ಯಾಕ್‌ನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ವಿಂಡೋಸ್ 10, 11ರಲ್ಲೂ ಬರುತ್ತದೆ. ಆದರೆ ಅಲ್ಲೊಂದು ತೊಡಕಿದೆ. ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್ 5.1ರಲ್ಲಿ ಸುಮ್ನೆ ಕರ್ಲ್ ಎಂದು ಟೈಪ್ ಮಾಡಿದರೆ ಬೇರೆಯದೇ ಆಜ್ಞೆ ಓಡುತ್ತದೆ. ಕರ್ಲ್.ಇಎಕ್ಸ್‌ಇ ಎಂದು ಪೂರ್ತಿ ಹೆಸರು ಕೊಡಿ.

ಎರಡನೆಯದು ನೆಟ್‌ಕ್ಯಾಟ್, ಅಂದರೆ ಎನ್‌ಸಿ ಎಂಬ ಆಜ್ಞೆ. ಸರ್ವರ್ ಕಳಿಸಿದ್ದನ್ನು ಇದು ಒಂದು ಚೂರೂ ತಿದ್ದದೆ ಹಾಗೇ ಕೊಡುತ್ತದೆ. ಮೂರನೆಯದು ಬೈಟ್ ತೋರಿಸುವ ಟೂಲ್: ಎಕ್ಸ್‌ಎಕ್ಸ್‌ಡಿ ಅಥವಾ ಹೆಕ್ಸ್‌ಡಂಪ್, ಯಾವುದಾದರೂ ಸರಿ. ನಾಲ್ಕನೆಯದು ಬ್ರೌಸರ್‌ನ ಡೆವಲಪರ್ ಟೂಲ್ಸ್. ಇದು ಬೇಕಾಗುವುದು ಒಂಬತ್ತನೇ ಹಂತದಲ್ಲಿ, ಅಲ್ಲಿಯವರೆಗೆ ಮುಟ್ಟಬೇಡಿ.

## ಹೋಲಿಸಿ ನೋಡಲು ಒಂದು ಸರಿಯಾದ ರೆಸ್ಪಾನ್ಸ್

ಇದನ್ನು ಒಂದು ಕಾಗದದ ಮೇಲೆ ಬರೆದು ಪಕ್ಕದಲ್ಲಿ ಇಟ್ಟುಕೊಳ್ಳಿ:

ಎಚ್‌ಟಿಟಿಪಿ/1.1 200 ಓಕೆ
ಕಂಟೆಂಟ್-ಟೈಪ್: ಟೆಕ್ಸ್ಟ್/ಎಚ್‌ಟಿಎಂಎಲ್; ಚಾರ್‌ಸೆಟ್=ಯುಟಿಎಫ್-8
ಕಂಟೆಂಟ್-ಲೆಂಗ್ತ್: 21
ಕನೆಕ್ಷನ್: ಕ್ಲೋಸ್
(ಇಲ್ಲಿ ಒಂದು ಖಾಲಿ ಸಾಲು)
ನಮಸ್ಕಾರ

ಮೊದಲು ಸ್ಟೇಟಸ್ ಸಾಲು. ಆಮೇಲೆ ಹೆಡರ್‌ಗಳು. ಆಮೇಲೆ ಒಂದು ಖಾಲಿ ಸಾಲು, ಕೊನೆಗೆ ಬಾಡಿ, ಅಂದರೆ ಪುಟದ ವಿಷಯ. ಸ್ಟೇಟಸ್ ಮತ್ತು ಹೆಡರ್ ಸಾಲುಗಳ ಕೊನೆಯಲ್ಲಿ ಎರಡು ಬೈಟ್ ಇರಬೇಕು: 13 ಮತ್ತು 10. ಕೋಡ್‌ನಲ್ಲಿ ಇದನ್ನು \ಆರ್\ಎನ್ ಎಂದು ಬರೆಯುತ್ತೇವೆ. ಖಾಲಿ ಸಾಲು ಎಂದರೂ ಇದೇ ಎರಡು ಬೈಟ್. ಬಾಡಿಯ ಕೊನೆಯಲ್ಲಿ ಏನೂ ಬೇಕಿಲ್ಲ.

## ಹಂತ 1: ಓಡುತ್ತಿರುವುದು ನಿಮ್ಮ ಹೊಸ ಕೋಡೇನಾ?

ಇದನ್ನು ಕೇಳಿದರೆ ಎಲ್ಲರೂ "ಹೌದು, ಈಗ ತಾನೇ ಸೇವ್ ಮಾಡಿದೆ" ಎನ್ನುತ್ತಾರೆ. ಆದರೂ ನೋಡಿ. ಒಂದು ಸಲ ನಾನು ಇಡೀ ಮಧ್ಯಾಹ್ನ ಕಂಟೆಂಟ್-ಟೈಪ್ ಬದಲಿಸುತ್ತಾ ಕೂತಿದ್ದೆ. ಹಿಂದಿನ ದಿನದ ಸರ್ವರ್ ಇನ್ನೊಂದು ಟರ್ಮಿನಲ್‌ನಲ್ಲಿ ಓಡುತ್ತಲೇ ಇತ್ತು, ಉತ್ತರ ಕೊಡುತ್ತಿದ್ದುದು ಅದು. ಅವತ್ತಿನಿಂದ ಈ ಹಂತವನ್ನು ಬಿಟ್ಟೇ ಇಲ್ಲ.

ಸುಲಭದ ದಾರಿ ಒಂದು ಗುರುತಿನ ಹೆಡರ್. ಎಕ್ಸ್-ಗುರುತು ಎಂಬಂಥ ಏನಾದರೊಂದು ಹೆಸರು ಕೊಟ್ಟು ಮುಂದೆ 1 ಎಂದು ಹಾಕಿ. ಕೋಡ್ ಬದಲಿಸಿದಾಗಲೆಲ್ಲ 2, 3 ಎಂದು ಏರಿಸುತ್ತಾ ಹೋಗಿ. ರೆಸ್ಪಾನ್ಸ್‌ನಲ್ಲಿ ಹಳೆಯ ಅಂಕಿಯೇ ಬಂದರೆ ಉಳಿದದ್ದನ್ನು ನೋಡುವುದೇ ಬೇಡ. ಮೊದಲು ಆ ಹಳೆಯ ಪ್ರೋಸೆಸ್ ಹುಡುಕಿ ನಿಲ್ಲಿಸಿ. ಲಿನಕ್ಸ್, ಮ್ಯಾಕ್‌ನಲ್ಲಿ ಎಲ್‌ಸೋಫ್ -ಐ :8080 (8080ರ ಜಾಗದಲ್ಲಿ ನಿಮ್ಮ ಸರ್ವರ್‌ನ ಪೋರ್ಟ್ ಸಂಖ್ಯೆ) ಎಂದರೆ ಆ ಪೋರ್ಟ್ ಹಿಡಿದು ಕೂತವರು ಯಾರು ಎಂದು ತಿಳಿಯುತ್ತದೆ. ವಿಂಡೋಸ್‌ನಲ್ಲಿ ನೆಟ್‌ಸ್ಟ್ಯಾಟ್ -ಎಎನ್‌ಒ.

ಇನ್ನೊಂದು ಮಾತು. ನಿಮ್ಮದೇ ಕಂಪ್ಯೂಟರಿನ ವಿಳಾಸ ಕೊಡುವಾಗ ಲೋಕಲ್‌ಹೋಸ್ಟ್ ಎಂಬ ಹೆಸರಿನ ಬದಲು 127.0.0.1 ಎಂದೇ ಬರೆಯಿರಿ. ಲೋಕಲ್‌ಹೋಸ್ಟ್ ಎಂದರೆ ಕೆಲವು ಕಂಪ್ಯೂಟರ್‌ಗಳು ಮೊದಲು ಐಪಿವಿ6 ವಿಳಾಸಕ್ಕೆ ಹೋಗುತ್ತವೆ. ಅಲ್ಲಿ ಬೇರೆ ಯಾವುದೋ ಪ್ರೋಗ್ರಾಂ ಕೇಳಿಸಿಕೊಳ್ಳುತ್ತಿರಬಹುದು.

## ಹಂತ 2: ಬ್ರೌಸರ್ ಬಿಟ್ಟು ಕರ್ಲ್‌ನಲ್ಲಿ ನೋಡಿ

ಬ್ರೌಸರ್ ತುಂಬ ಒಳ್ಳೆಯದು, ಅದೇ ತೊಂದರೆ. ನಿಮ್ಮ ತಪ್ಪನ್ನು ಅದು ಸದ್ದಿಲ್ಲದೆ ಸಹಿಸಿಕೊಳ್ಳುತ್ತದೆ, ಊಹೆ ಮಾಡುತ್ತದೆ, ಹಳೆಯದನ್ನು ಕ್ಯಾಶ್‌ನಿಂದ ತೆಗೆದು ತೋರಿಸುತ್ತದೆ. ಕರ್ಲ್ ಹಾಗಲ್ಲ. ಹೀಗೆ ಓಡಿಸಿ:

ಕರ್ಲ್ -ವಿ ಎಚ್‌ಟಿಟಿಪಿ://127.0.0.1:8080/

ಬಂದ ಸಾಲುಗಳ ಎಡತುದಿಯಲ್ಲಿ ಒಂದು ಗುರುತು ಇರುತ್ತದೆ. > ಎಂದರೆ ಕರ್ಲ್ ಕಳಿಸಿದ್ದು, < ಎಂದರೆ ನಿಮ್ಮ ಸರ್ವರ್‌ನಿಂದ ಬಂದಿದ್ದು, * ಎಂದರೆ ಕರ್ಲ್ ತಾನೇ ಹೇಳುವ ಮಾತು. ನಿಮಗೆ ಬೇಕಾಗಿರುವುದು < ಇರುವ ಸಾಲುಗಳು. ಆದರೆ * ಸಾಲನ್ನೂ ಬಿಡಬೇಡಿ, ತಪ್ಪಿನ ಸುಳಿವು ಅಲ್ಲೇ ಜಾಸ್ತಿ ಸಿಗುವುದು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಹೆಡರ್ ಮಾತ್ರ ಬೇಕು ಎಂದು ದೊಡ್ಡಕ್ಷರದ -ಐ ಹಾಕುತ್ತಾರೆ. ಅದನ್ನು ಹಾಕಿದರೆ ಕರ್ಲ್ ಪುಟ ಕೇಳುವ ಗೆಟ್ ಬದಲು, ಹೆಡರ್ ಮಾತ್ರ ಕೇಳುವ ಹೆಡ್ ರಿಕ್ವೆಸ್ಟ್ ಕಳಿಸುತ್ತದೆ. ನಿಮ್ಮ ಸರ್ವರ್‌ಗೆ ಹೆಡ್ ಎಂದರೆ ಏನೆಂದೇ ಗೊತ್ತಿಲ್ಲದಿದ್ದರೆ 404 ಬರಬಹುದು, 501 ಬರಬಹುದು, ಕನೆಕ್ಷನ್ ಕಡಿದೂ ಹೋಗಬಹುದು. ಇಲ್ಲದ ತಪ್ಪನ್ನು ಹುಡುಕುತ್ತಾ ಕೂರಬೇಕಾಗುತ್ತದೆ. ಸಣ್ಣಕ್ಷರದ -ಐ ಹಾಕಿ ಅಥವಾ -ವಿ ಹಾಕಿ.

ಕರ್ಲ್ ಕೊಡುವ ಕೆಲವು ಎಚ್ಚರಿಕೆಗಳ ಅರ್ಥ:

- ಎರರ್ 7: ಸರ್ವರ್‌ವರೆಗೆ ತಲುಪಲೇ ಇಲ್ಲ. ಇದು ಹೆಡರ್ ತಪ್ಪಲ್ಲ. ಪೋರ್ಟ್ ನೋಡಿ.
- ಎರರ್ 52: ಕನೆಕ್ಷನ್ ಆಯಿತು, ಆದರೆ ಒಂದು ಬೈಟೂ ಬರಲಿಲ್ಲ. ಸರ್ವರ್ ನಡುವೆ ಕ್ರ್ಯಾಶ್ ಆಗಿರಬಹುದು, ಇಲ್ಲವೇ ಬರೆದದ್ದು ಬಫರ್‌ನಲ್ಲೇ (ಕಳಿಸುವ ಮುಂಚೆ ಕೂಡಿಡುವ ಜಾಗ) ಉಳಿದಿದೆ.
- ಎಚ್‌ಟಿಟಿಪಿ/0.9 ಬಂದಿದೆ, ಅದಕ್ಕೆ ಅನುಮತಿ ಇಲ್ಲ ಎಂಬ ಮಾತು: ಸ್ಟೇಟಸ್ ಸಾಲು ಇಲ್ಲ, ಅಥವಾ ಅದು ಮೊದಲನೆಯ ಸಾಲಾಗಿ ಬಂದಿಲ್ಲ. 0.9 ಎಂಬ ಹಳೆಯ ಕಾಲದ ಆವೃತ್ತಿಯಲ್ಲಿ ಹೆಡರ್‌ಗಳೇ ಇರಲಿಲ್ಲ. ಹೆಡರ್ ಕಾಣದಿದ್ದಾಗ ಕರ್ಲ್ ಅದೇ ಇರಬೇಕು ಅಂದುಕೊಳ್ಳುತ್ತದೆ.
- ಎರರ್ 18: ಹೇಳಿದ್ದಕ್ಕಿಂತ ಕಡಿಮೆ ಬೈಟ್ ಬಂತು. ನೇರ ಐದನೇ ಹಂತದ ಸಮಸ್ಯೆ.
- ಎರರ್ 56: ಓದುತ್ತಿರುವಾಗಲೇ ಕನೆಕ್ಷನ್ ಕಡಿಯಿತು. ಏಳನೇ ಹಂತ ನೋಡಿ.

## ಹಂತ 3: ಬೈಟ್ ಮಟ್ಟದಲ್ಲಿ ಸಾಲಿನ ಕೊನೆ ನೋಡಿ

ಕರ್ಲ್ ತೋರಿಸುವುದು ಅಕ್ಷರ. ಸಾಲಿನ ಕೊನೆಯಲ್ಲಿ 13 ಮತ್ತು 10 ಎರಡೂ ಇವೆಯಾ, ಬರೀ 10 ಇದೆಯಾ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ನೆಟ್‌ಕ್ಯಾಟ್ ಬೇಕು. ಪ್ರಿಂಟ್‌ಎಫ್ ಆಜ್ಞೆಯಿಂದ ಈ ಮೂರು ಸಾಲನ್ನು (ನಡುವೆ ಎಂಟರ್ ಒತ್ತದೆ, ಒಂದೇ ಸ್ಟ್ರಿಂಗ್ ಆಗಿ) ಎನ್‌ಸಿ 127.0.0.1 8080 ಎಂಬ ಆಜ್ಞೆಗೆ ಪೈಪ್ ಮಾಡಿ, ಎನ್‌ಸಿಯಿಂದ ಬಂದದ್ದನ್ನು ಎಕ್ಸ್‌ಎಕ್ಸ್‌ಡಿಗೆ ಪೈಪ್ ಮಾಡಿ:

ಗೆಟ್ / ಎಚ್‌ಟಿಟಿಪಿ/1.1\ಆರ್\ಎನ್
ಹೋಸ್ಟ್: 127.0.0.1\ಆರ್\ಎನ್
ಕನೆಕ್ಷನ್: ಕ್ಲೋಸ್\ಆರ್\ಎನ್\ಆರ್\ಎನ್

ಎಕೋ ಬೇಡ, ಪ್ರಿಂಟ್‌ಎಫ್ ಬಳಸಿ. ಎಕೋ \ಆರ್ ಅನ್ನು ಒಂದೊಂದು ಶೆಲ್‌ನಲ್ಲಿ ಒಂದೊಂದು ಥರ ಓದುತ್ತದೆ.

ಈಗ ಬಂದ ಹೆಕ್ಸ್ (ಹದಿನಾರರ ಲೆಕ್ಕದ) ಸಾಲುಗಳಲ್ಲಿ 0ಡಿ 0ಎ ಎಂಬ ಜೋಡಿ ಹುಡುಕಿ. 0ಡಿ ಎಂದರೆ 13, 0ಎ ಎಂದರೆ 10. ಪ್ರತಿ ಹೆಡರ್ ಸಾಲಿನ ಕೊನೆಗೆ ಈ ಜೋಡಿ ಇರಬೇಕು. ಹೆಡರ್‌ಗಳೆಲ್ಲ ಮುಗಿದ ಜಾಗದಲ್ಲಿ ಜೋಡಿ ಎರಡು ಸಲ ಬರಬೇಕು: 0ಡಿ 0ಎ 0ಡಿ 0ಎ. ಅದಕ್ಕಿಂತ ಮೊದಲು ಎಲ್ಲೂ ಎರಡು ಸಲ ಬರಬಾರದು.

ಒಂಟಿ 0ಎ ಕಂಡರೆ ನೀವು ಬರೀ \ಎನ್ ಬರೆದಿದ್ದೀರಿ. ಬ್ರೌಸರ್ ಇದನ್ನು ಒಪ್ಪಿಕೊಳ್ಳುತ್ತದೆ, ಅದಕ್ಕೇ ತುಂಬ ಜನಕ್ಕೆ ಈ ತಪ್ಪು ಗೊತ್ತೇ ಆಗುವುದಿಲ್ಲ. ಮುಂದೆ ಯಾವುದೋ ಪ್ರಾಕ್ಸಿಯೋ ಬೇರೆ ಲೈಬ್ರರಿಯೋ ಇದೇ ರೆಸ್ಪಾನ್ಸ್ ಓದಲು ಹೋಗಿ ಕೈಚೆಲ್ಲುತ್ತದೆ. ಜಾವಾದಲ್ಲಿ ಪ್ರಿಂಟ್‌ಎಲ್‌ಎನ್ ಬಳಸಿದವರಿಗೆ ಇದು ಇನ್ನೂ ಗೊಂದಲ. ಅದು ವಿಂಡೋಸ್‌ನಲ್ಲಿ 13, 10 ಎರಡನ್ನೂ ಹಾಕುತ್ತದೆ, ಲಿನಕ್ಸ್‌ನಲ್ಲಿ ಬರೀ 10. ಒಂದು ಕಂಪ್ಯೂಟರ್‌ನಲ್ಲಿ ಸರಿಯಿದ್ದ ಸರ್ವರ್ ಇನ್ನೊಂದರಲ್ಲಿ ಕೆಡುವುದು ಹೀಗೆ. \ಆರ್\ಎನ್ ಅನ್ನು ಕೈಯಾರೆ ಬರೆಯಿರಿ, ಪ್ರಿಂಟ್‌ಎಲ್‌ಎನ್ ಬೇಡ.

ಖಾಲಿ ಸಾಲಿನ ತಪ್ಪು ಎರಡು ಬಗೆ. ಖಾಲಿ ಸಾಲೇ ಇಲ್ಲದಿದ್ದರೆ ಹೆಡರ್ ಮುಗಿಯಿತು ಎಂದು ಓದುವವರಿಗೆ ಗೊತ್ತಾಗುವುದಿಲ್ಲ. ಬಾಡಿಯ ಮೊದಲ ಸಾಲನ್ನೂ ಹೆಡರ್ ಎಂದೇ ಓದಲು ಹೋಗುತ್ತದೆ, ಇಲ್ಲವೇ ಸುಮ್ನೆ ಕಾಯುತ್ತದೆ. ಖಾಲಿ ಸಾಲು ಬೇಗ ಬಂದುಬಿಟ್ಟರೆ ಉಳಿದ ಹೆಡರ್‌ಗಳೆಲ್ಲ ಬಾಡಿಗೆ ಸೇರಿ ಪುಟದ ಮೇಲೆ ಕಾಣುತ್ತವೆ. ಪುಟದ ನೆತ್ತಿಯಲ್ಲಿ ಕಂಟೆಂಟ್-ಟೈಪ್ ಎಂದು ಕಂಡರೆ ಬೇರೆ ಏನನ್ನೂ ಹುಡುಕಬೇಡಿ, ಕಾರಣ ಇದೇ. ಸಾಲಿನ ಕೊನೆಗೆ \ಆರ್\ಎನ್ ಬರೆದು, ಅದರ ಮೇಲೆ ತಾನೇ ಹೊಸ ಸಾಲು ಸೇರಿಸುವ ಪ್ರಿಂಟ್ ಬಳಸಿದಾಗ ಹೀಗಾಗುತ್ತದೆ.

ಪೈಥಾನ್‌ನ ಮೂರು ಕೋಟ್‌ಗಳ ಉದ್ದ ಸ್ಟ್ರಿಂಗ್‌ನಲ್ಲಿ ಇಡೀ ರೆಸ್ಪಾನ್ಸ್ ಬರೆಯುವವರು ಸ್ವಲ್ಪ ನಿಂತು ಓದಿ. ಅಲ್ಲಿ ಮೂರು ತಪ್ಪು ಒಟ್ಟಿಗೇ ಬರುತ್ತವೆ. ಕೋಟ್ ತೆರೆದ ಕೂಡಲೇ ಎಂಟರ್ ಒತ್ತಿದ್ದರೆ ಸ್ಟೇಟಸ್ ಸಾಲಿಗಿಂತ ಮೊದಲೇ ಒಂದು ಖಾಲಿ ಸಾಲು ಹೋಗುತ್ತದೆ. ಸಾಲಿನ ಕೊನೆಯಲ್ಲಿ ಬರೀ 10 ಇರುತ್ತದೆ. ಮೂರನೆಯದು ಕಣ್ಣಿಗೆ ಬೀಳುವುದು ಕಷ್ಟ: ಕೋಡ್ ಚಂದ ಕಾಣಲಿ ಎಂದು ಕೊಟ್ಟ ಇಂಡೆಂಟ್ ಪ್ರತಿ ಹೆಡರ್‌ನ ಮುಂದೆ ಸ್ಪೇಸ್ ಆಗಿ ಸೇರಿಕೊಳ್ಳುತ್ತದೆ. ಸ್ಪೇಸ್‌ನಿಂದ ಶುರುವಾದ ಸಾಲನ್ನು ಹಿಂದಿನ ಹೆಡರ್‌ನ ಮುಂದುವರಿಕೆ ಎಂದು ಓದುವ ಹಳೆಯ ಪದ್ಧತಿ ಇದೆ. ಆಗ ನಿಮ್ಮ ಎರಡನೇ ಹೆಡರ್ ಮೊದಲನೆಯದರ ಹೊಟ್ಟೆಯೊಳಗೆ ಮಾಯವಾಗುತ್ತದೆ. "ಹೆಡರ್ ಕೋಡ್‌ನಲ್ಲಿದೆ, ಆದರೆ ಬರುತ್ತಿಲ್ಲ" ಎನ್ನುವವರ ಕೋಡ್‌ನಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಪೈಥಾನ್‌ನ ಎಚ್‌ಟಿಟಿಪಿ.ಸರ್ವರ್ ಮಾಡ್ಯೂಲ್ ಬಳಸಿದ್ದರೆ ಎಂಡ್_ಹೆಡರ್ಸ್ ಕರೆದಿದ್ದೀರಾ ನೋಡಿ. ಅದನ್ನು ಕರೆಯುವವರೆಗೆ ಹೆಡರ್‌ಗಳು ಬಫರ್‌ನಲ್ಲೇ ಇರುತ್ತವೆ. ಮರೆತು ಬಾಡಿ ಬರೆದರೆ ಬರೀ ಬಾಡಿ ಹೊರಗೆ ಹೋಗುತ್ತದೆ, ಕರ್ಲ್ 0.9 ಎಂದು ದೂರುತ್ತದೆ.

## ಹಂತ 4: ಸ್ಟೇಟಸ್ ಸಾಲು, ಹೆಡರ್ ಸಾಲುಗಳ ಆಕಾರ

ಸ್ಟೇಟಸ್ ಸಾಲಿನಲ್ಲಿ ಆವೃತ್ತಿ, ಒಂದು ಸ್ಪೇಸ್, ಮೂರಂಕಿಯ ಕೋಡ್, ಮತ್ತೊಂದು ಸ್ಪೇಸ್, ಆಮೇಲೆ ಕಾರಣದ ಮಾತು. ಕಾರಣದ ಮಾತು ಇಲ್ಲದಿದ್ದರೂ ನಡೆಯುತ್ತದೆ, ಆದರೆ ಎರಡನೇ ಸ್ಪೇಸ್ ಬಿಡುವಂತಿಲ್ಲ. ಎಚ್‌ಟಿಟಿಪಿ ಎಂಬುದು ದೊಡ್ಡಕ್ಷರದಲ್ಲೇ ಇರಬೇಕು.

ಹೆಡರ್‌ನ ಹೆಸರು ದೊಡ್ಡಕ್ಷರವೋ ಸಣ್ಣಕ್ಷರವೋ ಎಂಬುದು ಲೆಕ್ಕಕ್ಕಿಲ್ಲ, ಅದನ್ನು ಬದಲಿಸುತ್ತಾ ಹೊತ್ತು ಕಳೆಯಬೇಡಿ. ಲೆಕ್ಕಕ್ಕೆ ಬರುವುದು ಹೆಸರು ಮತ್ತು ಕೋಲನ್ ನಡುವಿನ ಸ್ಪೇಸ್. ಅಲ್ಲಿ ಸ್ಪೇಸ್ ಇರಲೇಬಾರದು. ಕೋಲನ್ ಆದ ಮೇಲೆ ಒಂದು ಸ್ಪೇಸ್ ಇದ್ದರೆ ಸರಿ.

## ಹಂತ 5: ಕಂಟೆಂಟ್-ಲೆಂಗ್ತ್

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ, ಅದರಲ್ಲೂ ಕನ್ನಡ ಪುಟ ಕಳಿಸುವವರು. ಇಂಗ್ಲಿಷ್ ಪುಟದಲ್ಲಿ ಸರಿಯಿದ್ದ ಸರ್ವರ್ ಕನ್ನಡ ಪುಟ ಬಂದ ಕೂಡಲೇ ಅರ್ಧಕ್ಕೆ ನಿಲ್ಲುತ್ತದೆ.

ನಮಸ್ಕಾರ ಎಂಬ ಪದವನ್ನೇ ನೋಡೋಣ. ಕಣ್ಣಿಗೆ ನಾಲ್ಕು ಅಕ್ಷರ: ನ, ಮ, ಸ್ಕಾ, ರ. ಯೂನಿಕೋಡ್ ಲೆಕ್ಕದಲ್ಲಿ ಏಳು ಕೋಡ್‌ಪಾಯಿಂಟ್: ನ, ಮ, ಸ, ಹಲಂತದ ಗುರುತು (್), ಕ, ದೀರ್ಘದ ಗುರುತು, ರ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೂ 3 ಬೈಟ್. ಒಟ್ಟು 21. ಪೈಥಾನ್‌ನಲ್ಲಿ ಈ ಸ್ಟ್ರಿಂಗ್‌ನ ಲೆನ್ ಕೇಳಿದರೆ 7 ಎನ್ನುತ್ತದೆ, ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಕೂಡ 7. ನೀವು ಅದನ್ನೇ ಹೆಡರ್‌ನಲ್ಲಿ ಹಾಕುತ್ತೀರಿ. ಬ್ರೌಸರ್ ಏಳೇ ಬೈಟ್ ಓದಿ ಸಾಕು ಎನ್ನುತ್ತದೆ. ನ ಎಂಬುದಕ್ಕೆ ಮೂರು, ಮ ಎಂಬುದಕ್ಕೆ ಮೂರು, ಉಳಿದ ಒಂದು ಬೈಟ್ ಸ ಅಕ್ಷರದ ಮೊದಲ ತುಂಡು. ಪರದೆಯ ಮೇಲೆ "ನಮ" ಎಂದು ಬಂದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವ ಕಪ್ಪು ವಜ್ರದಾಕಾರ ಕಾಣುತ್ತದೆ. ಪುಟದ ಕೊನೆಯಲ್ಲಿ ಆ ವಜ್ರ ಕಂಡರೆ ಕಂಟೆಂಟ್-ಲೆಂಗ್ತ್ ಕಡಿಮೆ ಇದೆ ಎಂದೇ ತಿಳಿಯಿರಿ.

ಪರಿಹಾರದ ಕ್ರಮ ಹೀಗೆ:

1. ಬಾಡಿಯನ್ನು ಪೂರ್ತಿ ಸಿದ್ಧಮಾಡಿ. ಟೆಂಪ್ಲೇಟ್ ತುಂಬುವುದು, ಬದಲಾವಣೆ ಮಾಡುವುದು ಎಲ್ಲ ಇಲ್ಲೇ ಮುಗಿಯಲಿ.
2. ಅದನ್ನು ಯುಟಿಎಫ್-8 ಬೈಟ್‌ಗಳಾಗಿ ಎನ್‌ಕೋಡ್ ಮಾಡಿ. ಜಿಜಿಪ್ ಮಾಡುವುದಿದ್ದರೆ (ಗಾತ್ರ ಕುಗ್ಗಿಸುವುದಿದ್ದರೆ) ಅದನ್ನೂ ಈಗಲೇ ಮಾಡಿ.
3. ಆ ಬೈಟ್‌ಗಳ ಉದ್ದ ಎಣಿಸಿ ಹೆಡರ್ ಬರೆಯಿರಿ.
4. ಅದೇ ಬೈಟ್‌ಗಳನ್ನು ಕಳಿಸಿ. ಸ್ಟ್ರಿಂಗ್‌ನಿಂದ ಮತ್ತೆ ಎನ್‌ಕೋಡ್ ಮಾಡಬೇಡಿ.

ಎಣಿಸಿದ ಮೇಲೆ ಬಾಡಿಗೆ ಒಂದು ಹೊಸ ಸಾಲು ಸೇರಿಸಿದರೂ ಲೆಕ್ಕ ತಪ್ಪಿತು.

ಸಿ ಭಾಷೆಯಲ್ಲಿ ಬರೆಯುವವರ ತೊಂದರೆ ಬೇರೆ. ಸ್ಟ್ರ್‌ಲೆನ್ ಬೈಟ್‌ಗಳನ್ನೇ ಎಣಿಸುತ್ತದೆ, ಆದ್ದರಿಂದ ಕನ್ನಡ ಪಠ್ಯಕ್ಕೆ ಸರಿಯಾಗಿ 21 ಕೊಡುತ್ತದೆ. ಆದರೆ ಸೊನ್ನೆ ಬೈಟ್ ಕಂಡ ಕೂಡಲೇ ನಿಲ್ಲುತ್ತದೆ. ಪಿಎನ್‌ಜಿ ಚಿತ್ರದ 9ನೇ ಬೈಟೇ ಸೊನ್ನೆ. ಎಷ್ಟೇ ದೊಡ್ಡ ಚಿತ್ರವಾದರೂ ಸ್ಟ್ರ್‌ಲೆನ್ 8 ಎನ್ನುತ್ತದೆ. ಚಿತ್ರಕ್ಕೆ ಕಂಟೆಂಟ್-ಲೆಂಗ್ತ್: 8 ಎಂದು ಹೋಗುತ್ತಿದ್ದರೆ ತಪ್ಪು ಎಲ್ಲಿದೆ ಎಂದು ಇನ್ನು ಹುಡುಕಬೇಕಿಲ್ಲ. ಫೈಲ್‌ನಿಂದ ಎಷ್ಟು ಬೈಟ್ ಓದಿದಿರೋ ಆ ಸಂಖ್ಯೆಯನ್ನೇ ಇಟ್ಟುಕೊಂಡು ಬಳಸಿ. ವಿಂಡೋಸ್‌ನಲ್ಲಿ ಫೈಲನ್ನು ಬೈನರಿ ಮೋಡ್‌ನಲ್ಲಿ ತೆರೆಯುವುದನ್ನು ಮರೆಯಬೇಡಿ. ಟೆಕ್ಸ್ಟ್ ಮೋಡ್‌ನಲ್ಲಿ 13, 10 ಜೋಡಿ ಒಂದೇ ಬೈಟ್ ಆಗಿಬಿಡುತ್ತದೆ, ಫೈಲ್ ಸೈಜ್‌ಗೂ ಓದಿದ್ದಕ್ಕೂ ತಾಳೆಯಾಗುವುದಿಲ್ಲ.

ಲೆಂಗ್ತ್ ಜಾಸ್ತಿ ಇದ್ದರೆ ಲಕ್ಷಣ ಬೇರೆ. ಪುಟವೆಲ್ಲ ಬಂದಂತೆ ಕಾಣುತ್ತದೆ, ಆದರೆ ಚಕ್ರ ನಿಲ್ಲುವುದಿಲ್ಲ. ಬ್ರೌಸರ್ ಬಾರದ ಬೈಟ್‌ಗಳಿಗಾಗಿ ಕಾಯುತ್ತಿದೆ. ಸರ್ವರ್ ಕನೆಕ್ಷನ್ ಮುಚ್ಚಿದರೆ ಕರ್ಲ್ ಎರರ್ 18 ಕೊಟ್ಟು ಇನ್ನೆಷ್ಟು ಬೈಟ್ ಬರಬೇಕಿತ್ತು ಎಂದೂ ಹೇಳುತ್ತದೆ. ಆ ಸಂಖ್ಯೆ ಗಮನಿಸಿ. 1 ಅಥವಾ 2 ಇದ್ದರೆ ಯಾವುದೋ ಸಾಲಿನ ಕೊನೆಯದ್ದು. ದೊಡ್ಡದಿದ್ದರೆ ಕಳಿಸುವಾಗ ತುಂಡು ಬಿಟ್ಟುಹೋಗಿದೆ, ಏಳನೇ ಹಂತ ನೋಡಿ.

ಉದ್ದ ಮೊದಲೇ ಗೊತ್ತಿಲ್ಲದೆ ಟ್ರಾನ್ಸ್‌ಫರ್-ಎನ್‌ಕೋಡಿಂಗ್: ಚಂಕ್ಡ್ ಬಳಸುವುದಾದರೆ, ಅಂದರೆ ಬಾಡಿಯನ್ನು ತುಂಡುತುಂಡಾಗಿ ಕಳಿಸುವುದಾದರೆ, ಎರಡು ಮಾತು. ತುಂಡಿನ ಅಳತೆಯನ್ನು ಹೆಕ್ಸ್‌ನಲ್ಲಿ ಬರೆಯಬೇಕು. 21 ಬೈಟ್‌ನ ತುಂಡಿಗೆ 15 ಎಂದು ಬರೆಯಬೇಕು. 21 ಎಂದೇ ಬರೆದರೆ ಓದುವವರು 33 ಬೈಟ್‌ಗೆ ಕಾಯುತ್ತಾರೆ. ಇನ್ನೊಂದು, ಚಂಕ್ಡ್ ಮತ್ತು ಕಂಟೆಂಟ್-ಲೆಂಗ್ತ್ ಎರಡನ್ನೂ ಒಟ್ಟಿಗೆ ಕಳಿಸಲೇಬೇಡಿ. ಎರಡೂ ಇದ್ದಾಗ ಯಾರು ಯಾವುದನ್ನು ನಂಬುತ್ತಾರೆ ಎಂಬ ಗೊಂದಲವನ್ನೇ ಹಿಡಿದುಕೊಂಡು ದಾಳಿ ಮಾಡುವವರಿದ್ದಾರೆ.

204 ಮತ್ತು 304 ರೆಸ್ಪಾನ್ಸ್‌ಗಳಿಗೆ ಬಾಡಿಯೇ ಇಲ್ಲ. ಹೆಡ್ ರಿಕ್ವೆಸ್ಟ್‌ಗೂ ಬಾಡಿ ಕಳಿಸಬಾರದು.

## ಹಂತ 6: ಕಂಟೆಂಟ್-ಟೈಪ್ ಮತ್ತು ಚಾರ್‌ಸೆಟ್

ಕನ್ನಡ ಪುಟ ತೆರೆದಾಗ ಅಕ್ಷರಗಳ ಬದಲು ಒಂದೇ ಥರದ ಗೀಚು ಸಾಲುಸಾಲಾಗಿ ಕಂಡಿರುತ್ತದೆ ಅಲ್ವಾ? ತಲೆಯ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್ ಎ, ಅದರ ಪಕ್ಕ ಮೇಲೇರಿಸಿ ಬರೆದ ಪುಟ್ಟ 2 ಅಥವಾ 3, ಆಮೇಲೆ ಇನ್ನೊಂದು ಚಿಹ್ನೆ, ಮತ್ತೆ ಅದೇ ಎ. ಕನ್ನಡದ ಮೂರು ಬೈಟ್‌ಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದಕ್ಕೆ ಇರುವುದು ಎರಡೇ ಬೆಲೆ. ಅವನ್ನು ಪಶ್ಚಿಮ ಯುರೋಪಿನ ಹಳೆಯ ಅಕ್ಷರಪಟ್ಟಿಯಲ್ಲಿ ಓದಿದರೆ ಹೀಗೆ ಕಾಣುತ್ತದೆ. ಬೈಟ್‌ಗಳು ಸರಿಯಾಗಿಯೇ ಬಂದಿವೆ, ಓದುವ ರೀತಿಯನ್ನು ನೀವು ಹೇಳಿಲ್ಲ ಅಷ್ಟೇ. ಚಾರ್‌ಸೆಟ್=ಯುಟಿಎಫ್-8 ಸೇರಿಸಿ. ಗೀಚು ಇದ್ದರೆ ಆರನೇ ಹಂತ, ಕೊನೆಯಲ್ಲಿ ಕಪ್ಪು ವಜ್ರ ಇದ್ದರೆ ಐದನೇ ಹಂತ. ಎರಡನ್ನೂ ಕಲೆಸಿಕೊಳ್ಳಬೇಡಿ.

ಎಲ್ಲ ಫೈಲ್‌ಗೂ ಟೆಕ್ಸ್ಟ್/ಎಚ್‌ಟಿಎಂಎಲ್ ಕಳಿಸುವುದು ಇನ್ನೊಂದು ತಪ್ಪು. ಸಿಎಸ್‌ಎಸ್ ಫೈಲ್ ಹೀಗೆ ಬಂದರೆ ಬ್ರೌಸರ್ ಸಾಮಾನ್ಯವಾಗಿ ಅದನ್ನು ತಳ್ಳಿಹಾಕುತ್ತದೆ, ಪುಟ ಬೋಳಾಗಿ ಕಾಣುತ್ತದೆ. ಜಾವಾಸ್ಕ್ರಿಪ್ಟ್ ಮಾಡ್ಯೂಲ್ ಆದರೆ ಓಡುವುದೇ ಇಲ್ಲ. ಫೈಲಿನ ಎಕ್ಸ್‌ಟೆನ್ಶನ್ ನೋಡಿ ಟೈಪ್ ಕೊಡುವ ಒಂದು ಸಣ್ಣ ಪಟ್ಟಿ ಮಾಡಿಕೊಳ್ಳಿ. ಹೊಂದದ ಫೈಲ್‌ಗೆ ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್ ಕೊಡಿ. ಪುಟ ತೆರೆಯುವ ಬದಲು ಡೌನ್‌ಲೋಡ್ ಆಗತೊಡಗಿದರೆ ನಿಮ್ಮ ಪಟ್ಟಿಯಲ್ಲಿ ಆ ಎಕ್ಸ್‌ಟೆನ್ಶನ್ ಇಲ್ಲ ಎಂದರ್ಥ.

## ಹಂತ 7: ಓದುವುದು, ಕಳಿಸುವುದು, ಮುಚ್ಚುವುದು

ಹೆಡರ್ ಎಲ್ಲ ಸರಿಯಿದ್ದೂ ರೆಸ್ಪಾನ್ಸ್ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ ಎಂದಾದರೆ ಇಲ್ಲಿ ನೋಡಿ.

ಮೊದಲು, ರಿಕ್ವೆಸ್ಟ್ ಪೂರ್ತಿ ಓದುತ್ತಿದ್ದೀರಾ? ಮೊದಲ ಸಾಲು ಮಾತ್ರ ಓದಿ, ಉತ್ತರ ಬರೆದು, ಸಾಕೆಟ್ ಮುಚ್ಚುವವರು ತುಂಬ ಜನ. ಓದದೆ ಉಳಿದ ಬೈಟ್ ಇರುವಾಗ ಸಾಕೆಟ್ ಮುಚ್ಚಿದರೆ ಆಪರೇಟಿಂಗ್ ಸಿಸ್ಟಂ ಕನೆಕ್ಷನ್ ಅನ್ನು ಥಟ್ಟನೆ ರೀಸೆಟ್ ಮಾಡಬಹುದು. ಆಗ ನೀವು ಕಳಿಸಿದ ಉತ್ತರವೂ ತಲುಪದೇ ಹೋಗಬಹುದು. ಖಾಲಿ ಸಾಲು ಬರುವವರೆಗೆ ಓದಿ. ರಿಕ್ವೆಸ್ಟ್‌ನಲ್ಲಿ ಕಂಟೆಂಟ್-ಲೆಂಗ್ತ್ ಇದ್ದರೆ ಅಷ್ಟು ಬೈಟ್ ಬಾಡಿಯನ್ನೂ ಓದಿ.

ಎರಡನೆಯದು, ಸೆಂಡ್ ಎಂಬ ಕರೆ ಕೊಟ್ಟದ್ದನ್ನೆಲ್ಲ ಒಂದೇ ಸಲಕ್ಕೆ ಕಳಿಸುತ್ತದೆ ಎಂಬ ನಂಬಿಕೆ ಬಿಡಿ. ಎಷ್ಟು ಬೈಟ್ ಹೋಯಿತು ಎಂದು ಅದು ತಿರುಗಿ ಹೇಳುತ್ತದೆ. ಉಳಿದದ್ದನ್ನು ನೀವೇ ಮತ್ತೆ ಕಳಿಸಬೇಕು. ಪೈಥಾನ್‌ನಲ್ಲಿ ಸೆಂಡ್‌ಆಲ್ ಈ ಕೆಲಸ ಮಾಡುತ್ತದೆ. ಸಣ್ಣ ಪುಟ ಸರಿ, ದೊಡ್ಡ ಚಿತ್ರ ಅರ್ಧ ಎಂಬ ಲಕ್ಷಣ ಕಂಡರೆ ಇದೇ ಕಾರಣ ಇರಬಹುದು.

ಮೂರನೆಯದು ಕನೆಕ್ಷನ್. ಎಚ್‌ಟಿಟಿಪಿ 1.1ರಲ್ಲಿ ಯಾರೂ ಏನೂ ಹೇಳದಿದ್ದರೆ ಕನೆಕ್ಷನ್ ತೆರೆದೇ ಇರುತ್ತದೆ. ಕಂಟೆಂಟ್-ಲೆಂಗ್ತ್ ಇಲ್ಲ, ಚಂಕ್ಡ್ ಇಲ್ಲ, ಸಾಕೆಟ್ ಮುಚ್ಚಿಲ್ಲ ಎಂದಾದರೆ ಬಾಡಿ ಎಲ್ಲಿ ಮುಗಿಯಿತು ಎಂದು ತಿಳಿಯಲು ದಾರಿಯೇ ಇಲ್ಲ. ಪೈಥಾನ್‌ನ ಎಚ್‌ಟಿಟಿಪಿ.ಸರ್ವರ್ ಬರೆದಂತೆ ಬಿಟ್ಟರೆ 1.0 ಎಂದು ಉತ್ತರಿಸಿ ಪ್ರತಿ ಸಲವೂ ಮುಚ್ಚುತ್ತದೆ. ಕಂಟೆಂಟ್-ಲೆಂಗ್ತ್ ಇಲ್ಲದಿದ್ದರೂ ನಡೆದುಹೋಗುತ್ತದೆ. ಆವೃತ್ತಿಯನ್ನು 1.1 ಎಂದು ಬದಲಿಸಿದ ದಿನ ಎಲ್ಲ ಪುಟವೂ ಮುಗಿಯದೆ ಚಕ್ರ ಸುತ್ತುತ್ತಲೇ ಇರುತ್ತದೆ. ತಪ್ಪು ಅವತ್ತು ಹುಟ್ಟಿದ್ದಲ್ಲ, ಮೊದಲೇ ಇತ್ತು. ನನ್ನ ಸಲಹೆ: ಮೊದಲು ಕನೆಕ್ಷನ್: ಕ್ಲೋಸ್ ಹಾಕಿ, ಪ್ರತಿ ಸಲ ಮುಚ್ಚಿ, ಉಳಿದದ್ದೆಲ್ಲ ಸರಿಮಾಡಿಕೊಳ್ಳಿ. ತೆರೆದಿಡುವ ಕೆಲಸ ಆಮೇಲೆ.

ತೆರೆದಿಡಲು ಶುರುಮಾಡಿದಾಗ ಒಂದು ಪರೀಕ್ಷೆ ಮಾಡಿ. ಕರ್ಲ್‌ಗೆ ಒಂದೇ ಆಜ್ಞೆಯಲ್ಲಿ ಅದೇ ವಿಳಾಸವನ್ನು ಎರಡು ಸಲ ಕೊಡಿ, -ವಿ ಇರಲಿ. ಎರಡನೆಯದಕ್ಕೆ ಅದೇ ಕನೆಕ್ಷನ್ ಬಳಸಿದೆ ಎಂದು * ಸಾಲಿನಲ್ಲಿ ಬರಬೇಕು. ಮೊದಲನೆಯದು ಚೆನ್ನಾಗಿ ಬಂದು ಎರಡನೆಯದು ಕೆಟ್ಟರೆ, ಮೊದಲ ರೆಸ್ಪಾನ್ಸ್‌ನ ಲೆಂಗ್ತ್ ತಪ್ಪಾಗಿದೆ. ಅಲ್ಲಿ ಉಳಿದ ಬೈಟ್‌ಗಳು ಎರಡನೆಯದರ ಸ್ಟೇಟಸ್ ಸಾಲಿನ ಮುಂದೆ ಬಂದು ನಿಂತಿವೆ.

## ಹಂತ 8: ಉಳಿದ ಹೆಡರ್‌ಗಳು

ಸೆಟ್-ಕುಕಿ: ಹೆಡರ್‌ಗಳನ್ನು ಡಿಕ್ಷನರಿಯಲ್ಲಿ ಇಟ್ಟುಕೊಂಡಿದ್ದರೆ ಎರಡನೇ ಕುಕಿ ಮೊದಲನೆಯದನ್ನು ಅಳಿಸಿಹಾಕುತ್ತದೆ. ಕಾಮಾ ಹಾಕಿ ಸೇರಿಸುವಂತೆಯೂ ಇಲ್ಲ. ಪ್ರತಿ ಕುಕಿಗೂ ಬೇರೆ ಸಾಲು ಬೇಕು. ಡಿಕ್ಷನರಿ ಬದಲು ಲಿಸ್ಟ್ ಬಳಸಿ.

ಡೇಟ್: ದಿನ ಮತ್ತು ತಿಂಗಳ ಹೆಸರು ಇಂಗ್ಲಿಷ್‌ನಲ್ಲೇ ಇರಬೇಕು, ಸಮಯ ಜಿಎಂಟಿಯಲ್ಲೇ ಇರಬೇಕು. ಪ್ರೋಗ್ರಾಂನ ಲೊಕೇಲ್ (ಭಾಷೆಯ ಸೆಟ್ಟಿಂಗ್) ಕನ್ನಡಕ್ಕೆ ಇಟ್ಟಿದ್ದರೆ ಸ್ಟ್ರ್‌ಎಫ್‌ಟೈಮ್ ವಾರದ ಹೆಸರನ್ನು ಕನ್ನಡದಲ್ಲೇ ಕೊಡಬಹುದು. ನಿಮ್ಮ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಚ್‌ಟಿಟಿಪಿ ದಿನಾಂಕಕ್ಕೆಂದೇ ಇರುವ ಫಂಕ್ಷನ್ ಬಳಸಿ.

ಕನ್ನಡ ಅಕ್ಷರ ಹೆಡರ್‌ನ ಒಳಗೆ: ಬೇಡ. ಲೊಕೇಶನ್ ಹೆಡರ್‌ನಲ್ಲಿ ಕನ್ನಡ ವಿಳಾಸ ಇದ್ದರೆ ಪರ್ಸೆಂಟ್ ಎನ್‌ಕೋಡಿಂಗ್ ಮಾಡಿ. ಡೌನ್‌ಲೋಡ್ ಫೈಲಿಗೆ ಕನ್ನಡ ಹೆಸರು ಕೊಡಬೇಕಾದರೆ ಕಂಟೆಂಟ್-ಡಿಸ್ಪೊಸಿಶನ್‌ನಲ್ಲಿ ನಕ್ಷತ್ರ ಗುರುತಿನ ಫೈಲ್‌ನೇಮ್* ರೂಪವೇ ಇದೆ.

ಬಳಕೆದಾರರು ಕೊಟ್ಟ ಪಠ್ಯವನ್ನು ಹೆಡರ್‌ನಲ್ಲಿ ಹಾಕುತ್ತಿದ್ದರೆ ಅದರಲ್ಲಿ 13 ಅಥವಾ 10 ಇದೆಯಾ ಎಂದು ನೋಡಲೇಬೇಕು. ಇದ್ದರೆ ರಿಕ್ವೆಸ್ಟ್ ತಳ್ಳಿಹಾಕಿ. ಇದನ್ನು ಬಿಟ್ಟರೆ ಹೊರಗಿನವರು ನಿಮ್ಮ ಸರ್ವರ್‌ನ ಹೆಸರಿನಲ್ಲಿ ತಮಗೆ ಬೇಕಾದ ಹೆಡರ್ ಬರೆಯಬಹುದು, ಬಾಡಿಯನ್ನೂ ಬರೆಯಬಹುದು. ಮನೆಯ ಸರ್ವರ್ ತಾನೇ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ.

## ಹಂತ 9: ಈಗ ಬ್ರೌಸರ್

ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ಕ್ಯಾಶ್ ನಿಲ್ಲಿಸುವ ಟಿಕ್ ಹಾಕಿ. ಟೂಲ್ಸ್ ತೆರೆದಿರುವವರೆಗೆ ಮಾತ್ರ ಅದಕ್ಕೆ ಬೆಲೆ. ಜೊತೆಗೆ ಸರ್ವರ್‌ನಿಂದಲೂ ಕ್ಯಾಶ್-ಕಂಟ್ರೋಲ್: ನೋ-ಸ್ಟೋರ್ ಕಳಿಸಿ. ಪರೀಕ್ಷೆ ಮಾಡುವಾಗ ಬ್ರೌಸರನ್ನು ಬೇರೆ ವಿಳಾಸಕ್ಕೆ ಕಳಿಸಲು 301 ಬೇಡ, 302 ಬಳಸಿ. 301 ಎಂದರೆ ಶಾಶ್ವತ. ಬ್ರೌಸರ್ ಅದನ್ನು ನೆನಪಿಟ್ಟುಕೊಂಡು, ನೀವು ಕೋಡ್ ಬದಲಿಸಿದ ಮೇಲೂ ಸರ್ವರ್ ಹತ್ತಿರ ಬಾರದೆ ಹಳೆಯ ಜಾಗಕ್ಕೇ ಹೋಗುತ್ತದೆ.

ಲಾಗ್‌ನಲ್ಲಿ ನೀವು ಕೇಳದ ಒಂದು ರಿಕ್ವೆಸ್ಟ್ ಕಾಣಬಹುದು: ಫ್ಯಾವಿಕಾನ್.ಐಸಿಒ. ಬ್ರೌಸರ್ ತಾನಾಗಿ ಕೇಳುತ್ತದೆ. ಅದಕ್ಕೆ ಸರಿಯಾದ 404 ಕೊಡಿ. ಒಂದು ಸಲಕ್ಕೆ ಒಬ್ಬರನ್ನೇ ನೋಡಿಕೊಳ್ಳುವ ಸರ್ವರ್ ಇದರಲ್ಲೇ ಸಿಕ್ಕಿಕೊಂಡರೆ ನಿಮ್ಮ ನಿಜವಾದ ಪುಟ ಸರದಿಯಲ್ಲಿ ಕಾಯುತ್ತಿರುತ್ತದೆ.

ಕರ್ಲ್‌ನಲ್ಲಿ ಎಲ್ಲ ಸರಿ, ಬ್ರೌಸರ್‌ನ ಜಾವಾಸ್ಕ್ರಿಪ್ಟ್‌ನಿಂದ ಕರೆದರೆ ಮಾತ್ರ ಸೋಲುತ್ತಿದೆ ಎಂದರೆ ಅದು ಸಾಮಾನ್ಯವಾಗಿ ಕೋರ್ಸ್ (ಸಿಒಆರ್‌ಎಸ್), ಅಂದರೆ ಬೇರೆ ಮೂಲದ ಡೇಟಾವನ್ನು ಪುಟ ಓದಬಹುದೇ ಎಂದು ಬ್ರೌಸರ್ ನೋಡುವ ನಿಯಮ. ಪುಟ ಒಂದು ಪೋರ್ಟ್‌ನಿಂದ, ಡೇಟಾ ಇನ್ನೊಂದು ಪೋರ್ಟ್‌ನಿಂದ ಬಂದರೂ ಬ್ರೌಸರ್‌ಗೆ ಅವು ಬೇರೆಬೇರೆ ಮೂಲ. ಆಕ್ಸೆಸ್-ಕಂಟ್ರೋಲ್-ಅಲೌ-ಒರಿಜಿನ್ ಹೆಡರ್‌ನಲ್ಲಿ ಪುಟದ ಮೂಲವನ್ನು ಪೋರ್ಟ್ ಸಮೇತ ಬರೆಯಿರಿ, ಕೊನೆಯಲ್ಲಿ / ಬೇಡ. ಕೆಲವು ಕರೆಗಳಿಗೆ ಮುಂಚೆ ಬ್ರೌಸರ್ ಆಪ್ಷನ್ಸ್ ಎಂಬ ರಿಕ್ವೆಸ್ಟ್ ಕಳಿಸಿ ಅನುಮತಿ ಕೇಳುತ್ತದೆ. ನಿಮ್ಮ ಸರ್ವರ್ ಅದಕ್ಕೂ ಉತ್ತರ ಕೊಡಬೇಕು. 404, 500ರಂಥ ತಪ್ಪಿನ ಉತ್ತರಗಳಲ್ಲೂ ಈ ಹೆಡರ್ ಇರಲಿ. ಇಲ್ಲದಿದ್ದರೆ ಪುಟದ ಜಾವಾಸ್ಕ್ರಿಪ್ಟ್‌ಗೆ ನಿಜವಾದ ತಪ್ಪು ಕಾಣದೆ ಕೋರ್ಸ್‌ನ ತಪ್ಪು ಮಾತ್ರ ಕಾಣುತ್ತದೆ.

ಎಲ್ಲ ಸರಿಯಾದ ಮೇಲೆ ಮೊದಲ ಹಂತದಲ್ಲಿ ಹಾಕಿದ ಗುರುತಿನ ಹೆಡರ್ ಮತ್ತು ಈಗ ಹಾಕಿದ ನೋ-ಸ್ಟೋರ್ ಎರಡನ್ನೂ ತೆಗೆಯಿರಿ. ತೆಗೆದ ಮೇಲೆ ಮೂರನೇ ಹಂತದ ನೆಟ್‌ಕ್ಯಾಟ್ ಆಜ್ಞೆಯನ್ನು ಇನ್ನೊಂದು ಸಲ ಓಡಿಸಿ. ಸಾಲು ಅಳಿಸುವಾಗ ಪಕ್ಕದ \ಆರ್\ಎನ್ ಕೂಡ ಅಳಿಸಿಹೋಗುವುದು ತೀರಾ ಸುಲಭ.